ತುಕ್ಕಿಲ್ಲದ ಹಾಳೆ

ಒಂಬತ್ತನೆಯ ಕಂತು

ಬೆಲ್ಲಿನ ಗುಂಡಿ ಕೈಗೆಟುಕುವಷ್ಟೇ ಎತ್ತರದಲ್ಲಿತ್ತು. ಆದರೆ ಕೈ ಏಳಬೇಕಲ್ಲ.

ಸರ್ವೇಯರಮ್ಮ ಆ ಬಾಗಿಲ ಮುಂದೆ ಬಂದು ನಿಂತು ಐದು ನಿಮಿಷವಾಗಿತ್ತು. ಸುಟ್ಟು ಕರಕಲಾದ ಗೋದಾಮುಗಳನ್ನು ಹೊಕ್ಕು, ಬೂದಿ ಕೆದಕಿ, ವಿಮೆಯ ಆಸೆಗೆ ತಮ್ಮ ಸರಕಿಗೆ ತಾವೇ ಬೆಂಕಿಯಿಟ್ಟ ಭಾರಿ ಕುಳಗಳನ್ನು ಎದುರಿಗೆ ಕೂರಿಸಿಕೊಂಡು ಬೆವರಿಳಿಸಿದ ಹೆಂಗಸು ಅವಳು. ಮೂರನೆಯ ಮಹಡಿಯ ಈ ಪುಟ್ಟ ಮನೆಯ ಬೆಲ್ಲು ಒತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ. ಧೈರ್ಯ ಅನ್ನುವುದೂ ಸುಳ್ಳೇ. ಅವಳಿಗೆ ನಾಚಿಕೆಯಾಗಿತ್ತು.

ನಿನ್ನೆ ಮಧ್ಯಾಹ್ನ ಇಂಜಿನಿಯರಿಂಗ್ ಅರ್ಥಶಾಸ್ತ್ರ ಸಂಘದ ಸಮ್ಮೇಳನದಲ್ಲಿ, ಇನ್ನೂರು ಸದಸ್ಯರ ಎದುರು, "ಲಕೋಟೆಯ ಹಾಳೆ ಬದಲಾಯಿಸಿದವರು ಇವರೇ" ಎಂದು ದಾಖಲೆ ಕೋಣೆಯ ಗುಮಾಸ್ತರತ್ತ ಬೆರಳು ತೋರಿಸಿದವಳು ಅವಳು. ಅದು ತಪ್ಪು ಬೆರಳು ಎಂದು ಇವತ್ತು ಬೆಳಿಗ್ಗೆ ಅವಳಿಗೇ ಗೊತ್ತಾಗಿತ್ತು.

ಕೊನೆಗೆ ಬಾಗಿಲು ತಾನಾಗಿ ತೆರೆಯಿತು. ಗುಮಾಸ್ತರ ಮಗಳು ಕಸದ ಬುಟ್ಟಿ ಹಿಡಿದು ಹೊರಟಿದ್ದವಳು ಹೊಸ್ತಿಲಲ್ಲೇ ನಿಂತಳು.

"ಇನ್ನೂ ಏನಾದ್ರೂ ಹೇಳೋದು ಬಾಕಿ ಉಳಿದಿದ್ಯಾ?"

"ನಿಮ್ಮ ತಂದೆಯವರನ್ನ ನೋಡ್ಬೇಕಿತ್ತಮ್ಮ."

"ನಿನ್ನೆ ನೋಡಿದ್ರಲ್ಲ. ಊರಿಗೆಲ್ಲ ತೋರಿಸಿ ನೋಡಿದ್ರಲ್ಲ."

ಒಳಗಿನಿಂದ ಸಣ್ಣ ಕೆಮ್ಮು ಕೇಳಿತು. "ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಮಾತಾಡಬಾರದು, ಮಗಳೇ. ಒಳಗೆ ಬರೋಕೆ ಹೇಳು."

ಗುಮಾಸ್ತರು ಕಿಟಕಿಯ ಪಕ್ಕದ ಮೇಜಿಗೆ ಬಾಗಿ ಕೂತಿದ್ದರು. ಮೇಜಿನ ಮೇಲೆ ದಪ್ಪ ಕಾಗದದ ಪ್ರಶಸ್ತಿ ಪತ್ರಗಳು, ಕರಿ ಮಸಿಯ ದೌತಿ, ಓರೆ ಮೂತಿಯ ಪೆನ್ನು. ಮೂವತ್ತೊಂದು ವರ್ಷದಿಂದ ಸಂಘದ ಪ್ರಶಸ್ತಿ ಪತ್ರಗಳ ಮೇಲೆ ಹೆಸರು ಬರೆಯುತ್ತಿದ್ದುದು ಅವರೇ. ಇವತ್ತು ಸಂಜೆ ನಾಲ್ಕಕ್ಕೆ ಸರ್ವಸದಸ್ಯರ ಸಭೆ. ಅದರ ಕೊನೆಯ ವಿಷಯ, ಅವರನ್ನು ಕೆಲಸದಿಂದ ತೆಗೆಯುವುದು. ಅದೇ ಸಭೆಯಲ್ಲಿ ಹಂಚಬೇಕಾದ ಪತ್ರಗಳನ್ನು ಅವರು ಕೂತು ಬರೆಯುತ್ತಿದ್ದರು.

"ಕೂತ್ಕೊಳ್ಳಿ, ಮೇಡಂ. ಇದೊಂದು ಹೆಸರು ಮುಗಿಸ್ತೀನಿ. ಮಧ್ಯದಲ್ಲಿ ಬಿಟ್ರೆ ಮಸಿ ಬಣ್ಣ ಬೇರೆ ಆಗುತ್ತೆ."

ಅವಳು ಕೂತಳು. ಅವರು ಬರೆಯುತ್ತಿದ್ದ ಹೆಸರು ಅವಳ ಕಣ್ಣಿಗೆ ಬಿತ್ತು. ಅದು ಅವಳದೇ ಹೆಸರು. 'ದಕ್ಷ ತನಿಖೆಗಾಗಿ ಕೃತಜ್ಞತಾಪೂರ್ವಕವಾಗಿ' ಎಂದು ಕೆಳಗೆ ಅಚ್ಚಾಗಿತ್ತು. ಅಧ್ಯಕ್ಷರು ನಿನ್ನೆಯೇ ಪಟ್ಟಿಗೆ ಸೇರಿಸಿದ್ದಿರಬೇಕು. ನೆಲ ಬಾಯಿಬಿಟ್ಟಿದ್ದರೆ ಅವಳು ಕುರ್ಚಿ ಸಮೇತ ಇಳಿದುಹೋಗುತ್ತಿದ್ದಳು.

ಈ ಸಂಘದ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಬೇರೆ ಸಂಘಗಳು ವರ್ಷಕ್ಕೊಮ್ಮೆ ಸೇರುತ್ತವೆ, ಪ್ರಬಂಧ ಓದುತ್ತವೆ, ಪದಾಧಿಕಾರಿಗಳನ್ನು ಆರಿಸುತ್ತವೆ, ತಮ್ಮ ಬೆನ್ನು ತಾವೇ ತಟ್ಟಿಕೊಂಡು ಊಟ ಮಾಡಿ ಮನೆಗೆ ಹೋಗುತ್ತವೆ. ಇವರೂ ಅದನ್ನೆಲ್ಲ ಮಾಡುತ್ತಾರೆ, ಊಟವನ್ನಂತೂ ತಪ್ಪಿಸುವುದಿಲ್ಲ. ಆದರೆ ಯಂತ್ರ ಎಷ್ಟು ವರ್ಷ ಬಾಳುತ್ತದೆ, ಯಾವಾಗ ಬದಲಿಸಿದರೆ ಲಾಭ ಎಂದು ಮುಂದಿನದನ್ನು ಹೇಳುವುದೇ ಇವರ ವಿದ್ಯೆ. ಹಾಗಾಗಿ ಹತ್ತು ವರ್ಷದ ಹಿಂದೆ ಬಹುಮಾನ ಪಡೆದ ಪ್ರಬಂಧವನ್ನು ಹೊರಗೆ ತೆಗೆದು, ಬರೆದವರನ್ನೇ ವೇದಿಕೆಯ ಮೇಲೆ ಕೂರಿಸಿ, ಹೇಳಿದ್ದೇನು, ಆದದ್ದೇನು ಎಂದು ಸಾಲುಸಾಲಾಗಿ ಓದುತ್ತಾರೆ. ಇದಕ್ಕೆ ಹಿನ್ನೋಟ ಗೋಷ್ಠಿ ಎಂದು ಹೆಸರು. ಅಚ್ಚಾದ ಪ್ರಬಂಧದಲ್ಲಿ ಕಟ್ಟಡಗಳ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾವ ಕಟ್ಟಡ, ಯಂತ್ರವನ್ನು ನೋಡಿ ಮಾಹಿತಿ ಕೊಟ್ಟವರು ಯಾರು ಎಂಬುದೆಲ್ಲ ಕೈಬರಹದ ಮೂಲ ಹಾಳೆಗಳಲ್ಲಿರುತ್ತದೆ. ಆ ಹಾಳೆಗಳು ಮೊಹರು ಹಾಕಿದ ಲಕೋಟೆಯಲ್ಲಿ ಹತ್ತು ವರ್ಷ ಬೀರುವಿನೊಳಗೆ ಮಲಗಿರುತ್ತವೆ.

ಈ ಸಲದ ಪ್ರಬಂಧ ಮೇಷ್ಟ್ರದು. ಸಂಘದಲ್ಲಿ ಅರ್ಧಕ್ಕರ್ಧ ಜನ ಅವರ ಶಿಷ್ಯರು, ಸರ್ವೇಯರಮ್ಮನೂ ಅವರಲ್ಲೊಬ್ಬಳು. ಹನ್ನೊಂದು ಹಳೆಯ ಲಿಫ್ಟುಗಳ ಬಗ್ಗೆ ಅವರು ಬರೆದಿದ್ದರು. ಹತ್ತರ ಅಂದಾಜು ಹೆಚ್ಚುಕಡಿಮೆ ಸರಿಹೋಗಿತ್ತು. ಏಳನೆಯದು ಇನ್ನೂ ಹತ್ತು ವರ್ಷ ಓಡುತ್ತದೆ ಎಂದಿದ್ದರು. ಅದು ಆರನೆಯ ವರ್ಷವೇ ಉಕ್ಕಿನ ಹಗ್ಗ ಹರಿದು ಎರಡು ಮಹಡಿ ಕೆಳಗೆ ಬಿದ್ದು, ಲಿಫ್ಟ್ ನಡೆಸುವವನ ಕಾಲು ಹೋಯಿತೆಂದು, ಕಟ್ಟಡದ ಹೆಸರೆತ್ತದೆ, ಮೇಷ್ಟ್ರೇ ವೇದಿಕೆಯಲ್ಲಿ ಒಪ್ಪಿಕೊಂಡರು. ಮೂಲ ಹಾಳೆಯಲ್ಲಿ ಏಳನೆಯ ಸಾಲಿನ ಎದುರು ಕಟ್ಟಡದ ಹೆಸರೂ ಇರಲಿಲ್ಲ, ನೋಡಿದವರ ಹೆಸರೂ ಇರಲಿಲ್ಲ. 'ಲೇಖಕರ ಅಂದಾಜು' ಎಂದಷ್ಟೇ ಇತ್ತು. ಯಂತ್ರವನ್ನು ಕಣ್ಣಲ್ಲಿ ಕಾಣದೆ ಅಂದಾಜು ಬರೆದುಬಿಟ್ಟರೇ ಎಂದು ಸಭೆ ಗುಜುಗುಜು ಎಂದಿತು. ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ಆಗ ಯಾರೋ ಹಾಳೆಗಳ ಮೂಲೆ ನೋಡಿದರು. ಉಳಿದ ಹಾಳೆಗಳಲ್ಲಿ ಗುಂಡುಸೂಜಿಯ ತುಕ್ಕು ಕೆಂಪಗೆ ಇಳಿದಿತ್ತು. ಈ ಒಂದರಲ್ಲಿ ಮಾತ್ರ ತೂತಿತ್ತು, ತುಕ್ಕಿರಲಿಲ್ಲ.

ಮೇಷ್ಟ್ರ ಮಾನ ಕಳೆಯಲು ಯಾರೋ ಹಾಳೆ ಬದಲಾಯಿಸಿದ್ದಾರೆ ಎಂದು ಎಲ್ಲರಿಗೂ ಅನ್ನಿಸಿತು. ಸರ್ವೇಯರಮ್ಮನಿಗಂತೂ ಮೈಯೆಲ್ಲ ಉರಿದುಹೋಯಿತು. ಮೊಹರಿನ ಅಚ್ಚೂ ಇದ್ದ ಆ ಬೀರುವಿನ ಬೀಗದಕೈ ಯಾರ ಹತ್ತಿರ? ಗುಮಾಸ್ತರ ಹತ್ತಿರ. ಬೇರೆಯವರ ಅಕ್ಷರವನ್ನು ಅಚ್ಚುಹೊಯ್ದಂತೆ ಬರೆಯಬಲ್ಲವರು ಯಾರು? ಗುಮಾಸ್ತರು. ಹೋದ ವರ್ಷ ಸಂಪುಟಗಳನ್ನು ಅದಲುಬದಲು ಜೋಡಿಸಿದ್ದಕ್ಕೆ ಮೇಷ್ಟ್ರಿಂದ ಬೈಸಿಕೊಂಡವರು ಯಾರು? ಅವರೇ. ಒಂದು ದಿನದಲ್ಲಿ ತನಿಖೆ ಮುಗಿಯಿತು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ಗುಮಾಸ್ತರು ಪೆನ್ನು ಒರೆಸಿ ಕೆಳಗಿಟ್ಟರು. "ಹೇಳಿ, ಮೇಡಂ."

"ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಸೊನ್ನೆ ದಶಮಾಂಶ ಮೂರು ಐದು ಎಂಟು ಐದು. ಈ ಸಂಖ್ಯೆ ನಿಮಗೆ ಏನಾದ್ರೂ ಹೇಳುತ್ತಾ?"

ಅವರು ಯೋಚಿಸಿದರು. "ಇಲ್ಲ. ಯಾರದ್ದಾದ್ರೂ ಫೋನ್ ನಂಬರಾ?"

ಮಗಳು ಗೋಡೆಗೊರಗಿ ನಿಂತು ತುಟಿ ಕಚ್ಚಿಕೊಂಡಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳೋ ಏನೋ.

"ಈ ಪಟ್ಟಿ ಕೊಡಿ ಸ್ವಲ್ಪ" ಎಂದು ಸರ್ವೇಯರಮ್ಮ ಕಾರ್ಯದರ್ಶಿ ಕಳಿಸಿದ್ದ ಹೆಸರುಗಳ ಪಟ್ಟಿಯನ್ನು ಎತ್ತಿಕೊಂಡಳು. ನಾಲ್ಕನೆಯ ಹೆಸರಿನ ಮುಂದೆ ವಿದ್ಯಾರ್ಥಿ ಪ್ರಬಂಧಕ್ಕೆ 'ದ್ವಿತೀಯ' ಎಂದಿತ್ತು. ಐದನೆಯದಕ್ಕೂ 'ದ್ವಿತೀಯ'. ಪ್ರಥಮ ಯಾರೂ ಇರಲಿಲ್ಲ. ಬರೆದು ಒಣಗಲು ಇಟ್ಟ ಪತ್ರಗಳಲ್ಲೂ ಎರಡು ದ್ವಿತೀಯಗಳು ಮುದ್ದಾಗಿ ಮೂಡಿದ್ದವು.

"ಇದು ತಪ್ಪು ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆದ್ರೆ ತಿದ್ದೋಕೆ ನಾನ್ಯಾರು, ಮೇಡಂ? ಕಂಡಿದ್ದನ್ನ ಕಂಡ ಹಾಗೆ ಬರೆಯೋದು ನನ್ನ ಕೆಲಸ. ತಿದ್ದಬೇಕಾದ್ರೆ ಹೇಳಿ ಕಳಿಸ್ತಾರೆ."

ಇಷ್ಟೇ ಸಾಕಾಗಿತ್ತು. ಬೆಳಿಗ್ಗೆ ವರದಿ ಬರೆಯಲು ಕೂತಾಗ ಅವಳು ಅಚ್ಚಾದ ಪ್ರಬಂಧವನ್ನೂ ಆ ಹೊಸ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ್ದಳು. ಹತ್ತು ವರ್ಷದ ನಂತರ ಮಾಡುವ ಖರ್ಚು ಇವತ್ತಿನ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ತಿಳಿಯಲು ಸಂಘದವರು ತಮ್ಮದೇ ಕೋಷ್ಟಕ ಪುಸ್ತಕವನ್ನು ನೋಡುತ್ತಾರೆ. ಆ ಕಾಲದ ಮುದ್ರಣದಲ್ಲಿ ಒಂದು ಅಂಕಿ ತಪ್ಪಾಗಿತ್ತು: ಮೂರು ಎಂಟು ಐದು ಐದು ಇರಬೇಕಾದ ಕಡೆ ಮೂರು ಐದು ಎಂಟು ಐದು. ಪ್ರಬಂಧದಲ್ಲೂ ಆ ತಪ್ಪು ಅಂಕಿಯೇ ಅಚ್ಚಾಗಿತ್ತು. ತಪ್ಪು ಬೆಳಕಿಗೆ ಬಂದದ್ದು ಮರುವರ್ಷ. ಆದರೆ ಬದಲಾಯಿಸಿಟ್ಟ ಹಾಳೆಯಲ್ಲಿ ಅಂಕಿ ಸರಿಯಾಗಿತ್ತು.

ನೋಡಿ ನಕಲು ಮಾಡುವವರು ತಪ್ಪನ್ನೂ ನಕಲು ಮಾಡುತ್ತಾರೆ. ಇದನ್ನು ಬರೆದವರು ತಿದ್ದಿದ್ದರು.

"ನನ್ನದು ತಪ್ಪಾಯ್ತು" ಎಂದಳು ಅವಳು. "ನೀವು ಬರೆದಿಲ್ಲ. ಆದ್ರೆ ಬೀಗದಕೈ ನೀವು ಯಾರಿಗೋ ಕೊಟ್ಟಿದ್ದೀರಿ. ಯಾರಿಗೆ ಅಂತ ಹೇಳಿ. ನಾಲ್ಕು ಗಂಟೆಗೆ ನಾನೇ ಎದ್ದು ನಿಂತು ಎಲ್ಲ ಸರಿಮಾಡ್ತೀನಿ."

"ಬೇಡ, ಮೇಡಂ."

"ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು."

"ಮೂವತ್ತೊಂದು ವರ್ಷದ ಹೆಸರು ಹೋಗುತ್ತೆ."

"ಅದು ನಿನ್ನೆನೇ ಹೋಯ್ತಲ್ಲ, ಮೇಡಂ" ಎಂದರು ಅವರು. ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. "ನೀವು ಕೇಳಬೇಡಿ. ನಾನು ಹೇಳಲ್ಲ."

ಮಗಳು ಬಾಗಿಲವರೆಗೆ ಬಂದಳು. "ಅಪ್ಪ ನಿನ್ನೆ ಮನೆಗೆ ಬಂದವರು ಇನ್ನೂ ಚಪ್ಪಲಿ ಬಿಚ್ಚಿಲ್ಲ, ನೋಡಿದ್ರಾ? ಯಾರೋ ಈಗ ಕರೀತಾರೆ, ತಪ್ಪಾಯ್ತು ಅಂತಾರೆ, ಹೋಗಬೇಕಾಗುತ್ತೆ ಅಂತ ಕೂತಿದ್ದಾರೆ. ನೀವು ಹೇಳಿದ್ರಿ, ಸರಿ. ನನಗೂ ಅವರಿಗೂ ಹೇಳಿದ್ರಿ. ಆ ಇನ್ನೂರು ಜನಕ್ಕೆ?"

ಸರ್ವೇಯರಮ್ಮ ಹೊಸ್ತಿಲು ದಾಟಿ ಹೊರಬಂದಳು. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯವರು ಬಾಗಿಲು ಸಂದಿಯಿಂದ ನೋಡಿ ಮುಚ್ಚಿಕೊಂಡರು. ಇವರಿಗೂ ಸುದ್ದಿ ಮುಟ್ಟಿದೆ ಎಂದು ಅವಳಿಗೆ ಅರ್ಥವಾಯಿತು.

ಎರಡನೆಯ ಮಹಡಿಯ ತಿರುವಿನಲ್ಲಿ ಅವಳ ಕಾಲು ನಿಂತಿತು. ಸುಳ್ಳು ಹಾಳೆ ಬರೆಯುವಾಗಲೂ ತಪ್ಪು ಅಂಕಿ ಬರೆಯಲು ಕೈ ಬಾರದವರು ಯಾರು?

ಕಾಲೇಜಿನ ದಿನಗಳು ನೆನಪಾದವು. ಕ್ಯಾಂಟೀನಿನ ಬೋರ್ಡಿನಲ್ಲಿ ಕೂಡಿಕೆ ತಪ್ಪಾಗಿದ್ದರೆ ಒಬ್ಬರು ಸೀಮೆಸುಣ್ಣ ಕೇಳಿ ತಿದ್ದಿಯೇ ಕಾಫಿ ಕುಡಿಯುತ್ತಿದ್ದರು. ಕೋಷ್ಟಕ ಪುಸ್ತಕದ ಆ ತಪ್ಪನ್ನು ಹಿಡಿದವರೂ ಅವರೇ. ಮುದ್ರಣಾಲಯದವರ ಜೊತೆ ಜಗಳವಾಡಿ, ತಿದ್ದುಪಡಿ ಚೀಟಿ ಅಚ್ಚುಹಾಕಿಸಿ, ಸದಸ್ಯರ ಮನೆಮನೆಗೆ ಹೋಗಿ ತಾವೇ ಅಂಟು ಬಳಿದು ಅಂಟಿಸಿದ್ದರು.

ಅವಳು ಉಳಿದ ಮೆಟ್ಟಿಲುಗಳನ್ನು ಓಡುತ್ತಲೇ ಇಳಿದು ಸಭಾಭವನದತ್ತ ಹೊರಟಳು.

* * *

ಸಭಾಭವನದಲ್ಲಿ ಮೂರನೆಯ ದಿನದ ಕಾರ್ಯಕ್ರಮ ಎಂದಿನ ಹಾಗೆ ಸಾಗಿತ್ತು. ಒಂದು ಕೋಣೆಯಲ್ಲಿ ಸೇತುವೆಗೆ ಬಣ್ಣ ಯಾವಾಗ ಬಳಿದರೆ ಮಿತವ್ಯಯ ಎಂಬ ಬಗ್ಗೆ ವಿದ್ಯಾರ್ಥಿಯೊಬ್ಬ ಬೆವರುತ್ತ ಪ್ರಬಂಧ ಓದುತ್ತಿದ್ದ. ಇನ್ನೊಂದರಲ್ಲಿ ಮುಂದಿನ ವರ್ಷದ ಸಂಪಾದಕ ಮಂಡಳಿಗೆ ಹೆಸರು ಸೂಚಿಸಿ ಎಂದು ಗೋಗರೆಯುತ್ತಿದ್ದರು. ಎಲ್ಲರೂ ಪಕ್ಕದವರ ಹೆಸರನ್ನೇ ಸೂಚಿಸುತ್ತಿದ್ದರು. ಪಡಸಾಲೆಯಲ್ಲಿ ಸಿಕ್ಕವರೆಲ್ಲ ಸರ್ವೇಯರಮ್ಮನ ಕೈ ಕುಲುಕಿದರು. "ಒಂದೇ ದಿನದಲ್ಲಿ ಹಿಡಿದುಬಿಟ್ರಲ್ಲ, ಭೇಷ್" ಎಂದರು. ಅವಳು ಕೈ ಕೊಟ್ಟಳು, ಮುಖ ಕೊಡಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಎಪ್ಪತ್ತೆಂಟರ ವಯಸ್ಸು. ಕೆಂಪು ಪೆನ್ಸಿಲ್ ಹಿಡಿದು ವಿದ್ಯಾರ್ಥಿಗಳ ಪ್ರಬಂಧ ತಿದ್ದುತ್ತಿದ್ದರು.

"ಬಾ, ಮಗು. ಈ ಹುಡುಗನ್ನ ನೋಡು, ಗುಜರಿ ಬೆಲೆ ಕಳೆಯೋದೇ ಮರೆತಿದ್ದಾನೆ. ಇವನಿಗೆ ದ್ವಿತೀಯ ಅಂತೆ."

ಅವಳು ಬಾಗಿಲು ಹಾಕಿ ಚಿಲಕ ಸೇರಿಸಿದಳು. ಹೊಸ ಹಾಳೆಯನ್ನು ಅವರ ಮುಂದಿಟ್ಟು ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಇಲ್ಲಿ ಮೂರು ಎಂಟು ಐದು ಐದು ಅಂತಿದೆ."

"ಹೌದು. ಅದೇ ಸರಿ."

"ಸರಿನೇ. ಅದೇ ತೊಂದರೆ. ಮೂಲ ಹಾಳೆ ಬರೆದ ವರ್ಷ ನಮ್ಮಲ್ಲಿ ಯಾರಿಗೂ ಸರಿ ಗೊತ್ತಿರ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಹಾಳೆ ನೋಡಿದರು. ಆಮೇಲೆ ಅವರ ಮುಖದಲ್ಲಿ ಮೂಡಿದ್ದು ಭಯವಲ್ಲ. ಪರೀಕ್ಷೆಯಲ್ಲಿ ಸುಲಭದ ಲೆಕ್ಕ ತಪ್ಪಿದ ವಿದ್ಯಾರ್ಥಿಯ ಪೆಚ್ಚು.

"ಕೈ ತಾನಾಗಿ ಬರೆದುಬಿಟ್ಟಿದೆ, ನೋಡು" ಎಂದರು.

ಅವಳಿಗೆ ಅಳು ಬಂತು. ಸಿಟ್ಟೂ ಬಂತು. "ನಿನ್ನೆ ನೀವು ಮುಂದಿನ ಸಾಲಲ್ಲೇ ಕೂತಿದ್ರಿ, ಸರ್. ಅಕ್ಷರ ನಿಮ್ಮದೇನಾ ಅಂತ ಕೇಳಿದ್ರೆ ನೆನಪಿಲ್ಲ ಅಂದ್ರಿ. ವಯಸ್ಸಾಯ್ತು, ಪಾಪ, ಅಂದುಕೊಂಡೆ. ನಾನು ಆ ಮನುಷ್ಯನ ಮರ್ಯಾದೆ ತೆಗೀತಿದ್ದಾಗ ನೀವು ಸುಮ್ಮನೆ ಕೂತಿದ್ರಿ."

"ಕೂತಿದ್ದೆ."

"ಯಾಕೆ?"

"ಎದ್ದು ನಿಂತಿದ್ರೆ ಮುಂದಿನ ಪ್ರಶ್ನೆ ಬರ್ತಿತ್ತು. ಮೂಲ ಹಾಳೆಯಲ್ಲಿ ಏನಿತ್ತು ಅಂತ." ಅವರು ಪೆನ್ಸಿಲ್ ಕೆಳಗಿಟ್ಟರು. "ಅವರಿಗೆ ಬೇರೆ ಏನಾದ್ರೂ ವ್ಯವಸ್ಥೆ ಮಾಡೋಣ ಅಂತ ಯೋಚಿಸಿದ್ದೆ. ಅದು ಯೋಚನೆ ಅಲ್ಲ, ಹೇಡಿತನ ಅಂತ ನನಗೂ ಗೊತ್ತು."

"ಇದರಲ್ಲಿ ತಲೆಬುಡ ಇಲ್ಲ, ಸರ್. ಕದ್ದು ಬದಲಾಯಿಸೋರು ತಮ್ಮ ತಪ್ಪು ಮುಚ್ಚಿಕೊಳ್ಳೋಕೆ ಬದಲಾಯಿಸ್ತಾರೆ. ನೀವು ತಪ್ಪನ್ನ ನಿಮ್ಮ ಮೇಲೆ ಎಳ್ಕೊಂಡಿದ್ದೀರಿ. ಯಾರ ತಪ್ಪನ್ನ?"

ಮೇಷ್ಟ್ರು ಮುಂದಿದ್ದ ಪ್ರಬಂಧದ ಪುಟ ತಿರುಗಿಸಿದರು.

"ಮೂಲ ಹಾಳೆ ಎಲ್ಲಿ?"

"ಬಿಟ್ಟುಬಿಡು, ಮಗು."

"ನಾಲ್ಕು ಗಂಟೆಗೆ ಕೈ ಎತ್ತಿಸಿ ಅವರನ್ನ ಹೊರಗೆ ಹಾಕ್ತಾರೆ, ಸರ್. ಬಿಡೋಕಾಗಲ್ಲ. ಯಾರನ್ನ ಕಾಪಾಡ್ತಿದ್ದೀರೋ ಅವರಿಗೆ ನಾಚಿಕೆ ಇದ್ರೆ ತಾವೇ ಬಂದು ಹೇಳ್ತಿದ್ರು. ಅಂಥವರಿಗಾಗಿ ನೀವು ಯಾಕೆ ಸಾಯ್ತೀರಿ?"

ಈ ಮಾತಿಗೆ ಮೇಷ್ಟ್ರು ಅವಳನ್ನು ನೋಡಿದ ರೀತಿ ಅವಳಿಗೆ ಅರ್ಥವಾಗಲಿಲ್ಲ. ಅವರು ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಹಳದಿಗೆ ತಿರುಗಿತ್ತು. ಮೂಲೆಯಲ್ಲಿ ತುಕ್ಕಿನ ಕಲೆಯಿತ್ತು.

"ಹರಿದು ಹಾಕಬೇಕಿತ್ತು. ದಾಖಲೆ ಹರಿಯೋಕೂ ಕೈ ಬರ್ಲಿಲ್ಲ" ಎಂದು ಕೊಟ್ಟರು.

ಅವಳು ಓದಿದಳು. 'ಏಳು. ಹೆರಿಗೆ ಆಸ್ಪತ್ರೆ, ಹಳೆಯ ಕಟ್ಟಡ. ಹಗ್ಗದ ಸ್ಥಿತಿ: ಉತ್ತಮ. ಉಳಿದ ಬಾಳಿಕೆ: ಹತ್ತು ವರ್ಷ. ಪರಿಶೀಲಿಸಿದವರು:' ಅದರ ಮುಂದೆ ಒಂದು ಸಹಿ.

ಸಹಿ ಅವಳದು.

ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಆಗಿನ ದಿನಗಳಲ್ಲಿ ಅವಳು ನೂರಾರು ಲಿಫ್ಟು ನೋಡಿದ್ದಳು, ನೂರಾರು ಕಡೆ ಸಹಿ ಹಾಕಿದ್ದಳು. ಮೇಷ್ಟ್ರು ತಮ್ಮ ಶಿಷ್ಯರಿಗೆಲ್ಲ ಹಂಚಿದ್ದರಲ್ಲಿ ಒಂದು ತನ್ನ ಪಾಲಿಗೆ ಬಂದಿದ್ದೂ ಮಸುಕಾಗಿ ನೆನಪಿತ್ತು. ಅದೇ ಈ ಏಳನೆಯದು ಎಂದು ಹೊಳೆದಿರಲಿಲ್ಲ. ಲಿಫ್ಟು ಬಿದ್ದ ವರ್ಷ ಅವಳು ಬೇರೆ ಊರಿನಲ್ಲಿ ಬೆಂಕಿ ಅನಾಹುತಗಳ ಹಿಂದೆ ಬಿದ್ದಿದ್ದಳು. ಆ ಸುದ್ದಿ ಅವಳ ಕಿವಿಗೇ ಬಿದ್ದಿರಲಿಲ್ಲ.

ಆಮೇಲೆ ಹೆರಿಗೆ ಆಸ್ಪತ್ರೆ ಎಂಬ ಎರಡು ಪದಗಳು ಒಳಗಿಳಿದವು.

ತುಂಬು ಬಸುರಿಯರು ಲಿಫ್ಟಿನ ಮುಂದೆ ಸಾಲಾಗಿ ನಿಂತಿದ್ದರು. ಲಿಫ್ಟ್ ನಡೆಸುವವನು ಅವಳಿಗೆ ತನ್ನ ಸ್ಟೂಲು ಎಳೆದುಕೊಟ್ಟು ಹೇಳಿದ್ದ: "ಈಗ ನಿಲ್ಲಿಸೋಕಾಗಲ್ಲ, ಮೇಡಂ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ, ನಿಮಗೋಸ್ಕರ ನಿಲ್ಲಿಸಿ ಮೇಲೆ ಹತ್ತಿಸ್ತೀನಿ. ಹಗ್ಗ ಯಾಕೋ ಸದ್ದು ಮಾಡ್ತಿದೆ, ನೋಡಿಬಿಡಿ." ಆಗಲಿ ಎಂದು ಅವಳು ಹೊರಬಂದಿದ್ದಳು. ಮರುದಿನ ಬೆಳಿಗ್ಗೆ ಆರಕ್ಕೆ ಮಲಗಿದ್ದಳು. ಆರನೆಯ ಲಿಫ್ಟಿಗೆ ಜೊತೆಯವರು ಬರೆದದ್ದನ್ನೇ ಏಳನೆಯದಕ್ಕೂ ಬರೆದು ಸಹಿ ಹಾಕಿದ್ದಳು.

"ಅವನೇನಾ?" ಎಂದಳು. "ಕಾಲು ಹೋಗಿದ್ದು... ಆ ಸ್ಟೂಲಿನವನದೇನಾ?"

"ಅವನದೇ. ನಾನು ಹೋಗಿ ನೋಡಿದೆ. ಮೇಲೆ ಯಾರೂ ಹತ್ತಲೇ ಇಲ್ಲ ಅಂದ. ನಿನ್ನ ಹೆಸರು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ." ಮೇಷ್ಟ್ರು ಅವಳ ಕಡೆ ನೋಡದೆ ಹೇಳಿದರು. "ಹನ್ನೊಂದು ಲಿಫ್ಟಿಗೆ ನಿಮಗೆಲ್ಲ ಸೇರಿ ಎರಡೇ ದಿನ ಕೊಟ್ಟವನು ನಾನು. ಬಹುಮಾನದ ಕೊನೆಯ ದಿನಾಂಕ ಹತ್ತಿರ ಬಂದಿತ್ತು. ನೋಡಿದೆಯಾ ಅಂತ ಕೇಳಲೂ ಇಲ್ಲ. ಹಾಗಾಗಿ ಲೇಖಕರ ಅಂದಾಜು ಅಂತ ಬರೆದಿದ್ದು ಪೂರಾ ಸುಳ್ಳಲ್ಲ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬೇರೆಯವರ ಸುಳ್ಳನ್ನು ಕೆದಕಿ ತೆಗೆದು ಹೊಟ್ಟೆ ಹೊರೆದ ಹೆಂಗಸಿಗೆ ತನ್ನ ಸುಳ್ಳು ನೆನಪೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಅದು ಅವಳನ್ನು ಸುಟ್ಟಿತು.

ಹೊರಗೆ ಗಂಟೆ ಬಾರಿಸಿತು. ಸರ್ವಸದಸ್ಯರ ಸಭೆ.

"ನಾನು ಮೇಲೆ ಹೋಗಿ ಒಪ್ಕೊಳ್ತೀನಿ" ಎಂದು ಮೇಷ್ಟ್ರು ಎದ್ದರು. "ಬದಲಾಯಿಸಿದವನು ನಾನೇ ಅಂತೀನಿ. ಗುಮಾಸ್ತರು ಪಾರಾಗ್ತಾರೆ. ನಿನ್ನ ಹೆಸರು ಬರೋದು ಬೇಡ. ಆ ಹಾಳೆ ನಿನ್ನ ಹತ್ತಿರಾನೇ ಇರಲಿ."

ಬೇಡ ಎನ್ನಬೇಕಿತ್ತು ಅವಳು. ಹಾಳೆಯನ್ನು ಮಡಿಸಿ ಚೀಲದೊಳಗಿಟ್ಟಳು.

* * *

ಬಜೆಟ್ಟು ಪಾಸಾಯಿತು. ಸಂಶೋಧನಾ ಸಮಿತಿಯ ವರದಿಯನ್ನು ಓದಿದಂತೆ ಭಾವಿಸಲಾಯಿತು. ಮುಂದಿನ ಸಮ್ಮೇಳನದ ವಿಷಯ ಏನಿರಬೇಕೆಂದು ಇಪ್ಪತ್ತು ನಿಮಿಷ ವಾದವಾಯಿತು. ಪ್ರಶಸ್ತಿ ಪತ್ರ ಹಂಚುವುದನ್ನು ಕೊನೆಗಿಟ್ಟು, ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಗುಮಾಸ್ತರ ವಿ‌ಷಯಕ್ಕೆ ಬಂದರು.

ಗುಮಾಸ್ತರು ಕೊನೆಯ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗಳು. ಅವರಿಬ್ಬರ ಆಚೀಚೆಯ ಕುರ್ಚಿಗಳು ಖಾಲಿ.

ಮೇಷ್ಟ್ರು ಮೈಕಿನ ಹತ್ತಿರ ಹೋಗಿ ಮೂರೇ ಮಾತಿನಲ್ಲಿ ಹೇಳಿ ಮುಗಿಸಿದರು. ಬೀಗದಕೈ ಕೇಳಿ ಪಡೆದವನು ನಾನು. ಹಾಳೆ ಬರೆದವನು ನಾನು. ಗುಮಾಸ್ತರದು ಏನೂ ತಪ್ಪಿಲ್ಲ.

ಆಮೇಲೆ ನಡೆದದ್ದನ್ನು ಸರ್ವೇಯರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಕಣ್ಣೊರೆಸಿಕೊಂಡರು.

"ಇದು ಅವರ ದೊಡ್ಡ ಗುಣ" ಎಂದರು ಅಧ್ಯಕ್ಷರು. "ಒಬ್ಬ ಗುಮಾಸ್ತರ ಹೊಟ್ಟೆಪಾಡಿಗೋಸ್ಕರ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ. ಸರ್, ನಿಮ್ಮ ಹೆಸರು ಕೆಡಿಸೋ ಹಾಳೆನ ನೀವೇ ಯಾಕೆ ಬರೀತೀರಿ? ಮೂಲ ಹಾಳೆ ಇದ್ಯಾ?"

ಮೇಷ್ಟ್ರು ತಡವರಿಸಿದರು. "ಹರಿದು ಹಾಕಿದೆ."

"ಅದರಲ್ಲಿ ಏನಿತ್ತು?"

"ಏನೂ... ವಿಶೇಷ ಇರ್ಲಿಲ್ಲ."

ಸಭೆಯಲ್ಲಿ ನಗೆ ಹಬ್ಬಿತು. ಪ್ರೀತಿಯ ನಗೆಯೇ. ಇಬ್ಬರು ಶಿಷ್ಯರು ಬಂದು ಮೇಷ್ಟ್ರ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಜೀವಮಾನದಲ್ಲಿ ತಿಳಿದೂ ತಿಳಿದೂ ಒಂದು ತಪ್ಪು ಅಂಕಿ ಬರೆಯದ ಮನುಷ್ಯ ನಿಜ ಹೇಳಿದರೆ ಯಾರೂ ನಂಬಲಿಲ್ಲ.

ಸರ್ವೇಯರಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಚೀಲ ಮಡಿಲಲ್ಲಿತ್ತು. ಎದ್ದು ನಿಲ್ಲು ಎಂದು ತನಗೆ ತಾನೇ ಹೇಳಿಕೊಂಡಳು. ಚೀಲದ ಬಾಯನ್ನು ಇನ್ನಷ್ಟು ಅದುಮಿ ಹಿಡಿದಳು. ಈಗ ಎದ್ದರೆ ಇನ್ನೂರು ಮುಖ ತನ್ನತ್ತ ತಿರುಗುತ್ತವೆ. ನಿನ್ನೆ ಅವು ಹೇಗೆ ತಿರುಗಿದ್ದವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸೇವೆಯಿಂದ ತೆಗೆಯೋದಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳು ಒಂದೊಂದಾಗಿ ಏಳತೊಡಗಿದವು.

"ಒಂದು ಮಾತು ಹೇಳಬಹುದಾ?" ಎಂದು ಹಿಂದಿನಿಂದ ದನಿ ಬಂತು. ಗುಮಾಸ್ತರು ಎದ್ದು ನಿಂತಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಸಭೆಯಲ್ಲಿ ಅವರು ಬಾಯಿ ತೆರೆದದ್ದು ಅದೇ ಮೊದಲು.

"ಲಕೋಟೆ ಮೊಹರು ಮಾಡೋ ಮುಂಚೆ ಒಳಗಿರೋದನ್ನೆಲ್ಲ ಸಾಲು ಬಿಡದೆ ರಿಜಿಸ್ಟರಿನಲ್ಲಿ ಇಳಿಸ್ಕೊಳ್ಳೋದು ನನ್ನ ಅಭ್ಯಾಸ. ಯಾರೂ ಹೇಳಿರ್ಲಿಲ್ಲ, ನಾನಾಗಿ ಇಟ್ಕೊಂಡಿದ್ದು. ಹತ್ತು ವರ್ಷದ ಹಿಂದಿನ ರಿಜಿಸ್ಟರು ಇದು." ಅವರ ಕಂಕುಳಲ್ಲಿ ಉದ್ದನೆಯ ಕಟ್ಟಿನ ಪುಸ್ತಕವಿತ್ತು. "ಏಳನೇ ಸಾಲಲ್ಲಿ ಏನಿತ್ತು, ಯಾರ ಸಹಿ ಇತ್ತು, ಎಲ್ಲ ಇದರಲ್ಲಿದೆ. ಮೇಷ್ಟ್ರು ಹೇಳಿದ್ದು ನಿಜ."

ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು.

"ಇದನ್ನ ನಿನ್ನೆ ಯಾಕ್ರಿ ತೋರಿಸ್ಲಿಲ್ಲ?" ಎಂದರು ಅಧ್ಯಕ್ಷರು.

"ನಿನ್ನೆ ಒಬ್ಬರ ಮಾನ ಹೋಗಿದ್ದು ಸಾಕು ಅನ್ನಿಸ್ತು, ಸಾರ್."

ಸರ್ವೇಯರಮ್ಮ ಹಿಂದಕ್ಕೆ ತಿರುಗಿ ಗುಮಾಸ್ತರನ್ನು ನೋಡಿದಳು. ಅವರಿಗೆ ಗೊತ್ತಿತ್ತು. ನಿನ್ನೆ ತಾನು ಬೆರಳು ಚಾಚಿ ನಿಂತಿದ್ದಾಗ, ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಾಗ, ತನ್ನ ಹೆಸರು ಅವರ ನಾಲಿಗೆಯ ತುದಿಯಲ್ಲಿತ್ತು. ಇವತ್ತು ಮನೆಯಲ್ಲಿ ಅದನ್ನೇ ಮಸಿಯಲ್ಲಿ ಮುದ್ದಾಗಿ ಬರೆಯುತ್ತ ಕೂತಿದ್ದಾಗಲೂ ಗೊತ್ತಿತ್ತು.

"ಯಾರ ಸಹಿ ಅದು? ಹೇಳಿ" ಎಂದರು ಅಧ್ಯಕ್ಷರು.

ಗುಮಾಸ್ತರು ಸಾಲುಗಳ ನಡುವೆ ನಿಧಾನವಾಗಿ ನಡೆದು ಬಂದರು. ಮೂರನೆಯ ಸಾಲಿನ ಹತ್ತಿರ ನಿಂತು, ಮುಚ್ಚಿದ ರಿಜಿಸ್ಟರನ್ನು ಸರ್ವೇಯರಮ್ಮನ ಮಡಿಲಲ್ಲಿ ಇಟ್ಟರು.

"ತನಿಖೆ ಇವರದು. ಇವರೇ ಓದಲಿ" ಎಂದು ಹೇಳಿ ತಿರುಗಿ ನಡೆದರು.

ಅಧ್ಯಕ್ಷರಿಗೆ ಅದು ಸರಿ ಎನ್ನಿಸಿತು. "ಹೌದು, ಹೌದು. ಸರ್ವೇಯರಮ್ಮ, ಜೋರಾಗಿ ಓದಿ. ಅಪರಾಧಿ ಯಾರಾದರೂ ಸರಿ, ಈ ಸಭೆ ಬಿಡೋದಿಲ್ಲ."

ಮೈಕು ಕೈಯಿಂದ ಕೈಗೆ ದಾಟಿ ಅವಳವರೆಗೆ ಬಂತು. ವೇದಿಕೆಯ ಮೇಲೆ ಮೇಷ್ಟ್ರು ಬೇಡ ಎಂಬಂತೆ ತಲೆಯಾಡಿಸುತ್ತಿದ್ದರು. ಏಳನೆಯ ಸಾಲು ಇದ್ದ ಪುಟದಲ್ಲಿ ಗುಮಾಸ್ತರು ಒಂದು ಚೀಟಿ ಇಟ್ಟಿದ್ದರು. ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ ಬರೆದಿತ್ತು: 'ಬೇಕಿದ್ದರೆ ಲೇಖಕರ ಅಂದಾಜು ಎಂದು ಓದಿ, ಮೇಡಂ. ನಾನು ಎದ್ದು ಏನೂ ಹೇಳುವುದಿಲ್ಲ.'

ಸರ್ವೇಯರಮ್ಮ ಎದ್ದು ನಿಂತಳು. ಇನ್ನೂರು ಮುಖಗಳು ಅವಳತ್ತ ತಿರುಗಿದವು.